ಸ್ವೀಡನ್ನಿನ ದೊರೆ ಒಂದನೇ ಆಸ್ಕರ್: ನಿಜವಾಗಿಯೂ ಸುಧಾರಕನೇ, ಇಲ್ಲಾ 1848ರ ದಂಗೆಗೆ ಬೆದರಿದವನೇ?

ಹಳೇಪುಟ:
1844ರಿಂದ 1859ರವರೆಗೆ ಸ್ವೀಡನ್ ಮತ್ತು ನಾರ್ವೆ ಎರಡನ್ನೂ ಆಳಿದ ಒಂದನೇ ಆಸ್ಕರ್ ಬಗ್ಗೆ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅವನ ಅಪ್ಪನ ಕಥೆ ಒಂದಿಷ್ಟು ಜನಕ್ಕೆ ಗೊತ್ತು. ನೆಪೋಲಿಯನ್ನನ ಸೇನಾಪತಿ ಬರ್ನಡಾಟ್ ಸ್ವೀಡನ್ನಿಗೆ ಹೋಗಿ ರಾಜನಾದ ಕಥೆ. ನನಗೆ ಮಗನೇ ಇನ್ನೂ ಸ್ವಾರಸ್ಯದ ಮನುಷ್ಯ ಅನ್ನಿಸುತ್ತಾನೆ.

ಆಸ್ಕರ್ ಹುಟ್ಟಿದ್ದು 1799ರ ಜುಲೈ 4ರಂದು, ಪ್ಯಾರಿಸ್ಸಿನಲ್ಲಿ. ತಾಯಿ ಡೆಸಿರೆ ಕ್ಲಾರಿ, ಮಾರ್ಸೇಲ್ಸಿನ ರೇಷ್ಮೆ ವ್ಯಾಪಾರಿಯ ಮಗಳು. ಅವಳಿಗೆ ಮೊದಲು ನಿಶ್ಚಯವಾಗಿದ್ದು ನೆಪೋಲಿಯನ್ ಜೊತೆ. ಅವನು ಅವಳನ್ನು ಬಿಟ್ಟು ಜೋಸೆಫೀನಳನ್ನು ಮದುವೆಯಾದ. ಆದರೂ ಡೆಸಿರೆಯ ಮಗುವಿಗೆ ಗಾಡ್‌ಫಾದರ್ ಆದವನು ಅದೇ ನೆಪೋಲಿಯನ್. ಆಸ್ಕರ್ ಎಂಬ ಹೆಸರೂ ಅವನ ಆಯ್ಕೆಯೇ, ತನಗೆ ತುಂಬ ಇಷ್ಟವಾದ ಓಸಿಯನ್ ಕಾವ್ಯದಿಂದ ಎತ್ತಿಕೊಂಡಿದ್ದು ಎನ್ನುತ್ತಾರೆ.

1810ರಲ್ಲಿ ಸ್ವೀಡನ್ನಿನ ಮುದಿ ದೊರೆ ಹದಿಮೂರನೇ ಕಾರ್ಲ್‌ಗೆ ವಾರಸುದಾರ ಇರಲಿಲ್ಲ. ಎರೆಬ್ರೂ ಊರಿನಲ್ಲಿ ಸೇರಿದ ಸಂಸತ್ತು ಬರ್ನಡಾಟ್‌ನನ್ನು ಆರಿಸಿತು. ಹನ್ನೊಂದು ವರ್ಷದ ಆಸ್ಕರ್ ಅಮ್ಮನ ಜೊತೆ ಸ್ಟಾಕ್‌ಹೋಮಿಗೆ ಬಂದ. ಅಮ್ಮನಿಗೆ ಅಲ್ಲಿನ ಚಳಿ ಹಿಡಿಸಲಿಲ್ಲ, ಅರಮನೆಯ ಜನವೂ ಹಿಡಿಸಲಿಲ್ಲ. 1811ರಲ್ಲಿ ಪ್ಯಾರಿಸ್ಸಿಗೆ ವಾಪಸ್ ಹೋದವಳು ಮತ್ತೆ ಬಂದಿದ್ದು 1823ಕ್ಕೆ! ಅಪ್ಪ ಕೊನೆಯವರೆಗೂ ಸ್ವೀಡಿಷ್ ಕಲಿಯಲೇ ಇಲ್ಲ. ಹುಡುಗ ಬೇಗ ಕಲಿತು ಅಪ್ಪನಿಗೆ ದುಭಾಷಿಯಾದ. ರಾಜನಿಗೆ ಅವನ ಪ್ರಜೆಗಳು ಏನು ಹೇಳುತ್ತಿದ್ದಾರೆ ಅಂತ ಮಗ ತಿಳಿಸಬೇಕು. ಆ ಜಾಗದಲ್ಲಿ ನಿಂತು ಬೆಳೆದವನಿಗೆ ಜನರ ದೂರು ಏನು, ಅಪ್ಪನ ಹಟ ಏನು ಎರಡೂ ಗೊತ್ತಾಗುತ್ತದೆ ಅಲ್ವಾ?

ಅಪ್ಪನಿಗೆ ವಯಸ್ಸಾದಂತೆ ಹಟ ಜಾಸ್ತಿಯಾಯಿತು. ಬೆಳಿಗ್ಗೆ ತಡವಾಗಿ ಎದ್ದು, ಹಾಸಿಗೆಯಲ್ಲೇ ಕೂತು ಆಪ್ತ ಮ್ಯಾಗ್ನಸ್ ಬ್ರಾಹೆಯ ಮೂಲಕ ರಾಜ್ಯಭಾರ. ಬೇಸತ್ತ ಉದಾರವಾದಿಗಳು ಮಗನ ಕಡೆ ನೋಡತೊಡಗಿದರು. 1840ರಲ್ಲಿ ಯುವರಾಜ 'ಶಿಕ್ಷೆ ಮತ್ತು ಸೆರೆಮನೆಗಳ ಕುರಿತು' ಅಂತ ಒಂದು ಪುಸ್ತಕ ಬರೆದ. ಹೆಸರು ಹಾಕಿಕೊಳ್ಳಲಿಲ್ಲ, ಆದರೆ ಯಾರು ಬರೆದಿದ್ದು ಅಂತ ಊರಿಗೆಲ್ಲ ಗೊತ್ತಿತ್ತು. ಜರ್ಮನ್, ಫ್ರೆಂಚ್, ಇಂಗ್ಲಿಷಿಗೆಲ್ಲ ಹೋಯಿತು. 1844ರ ಮಾರ್ಚ್ 8ರಂದು ಅಪ್ಪ ತೀರಿಕೊಂಡಾಗ ಇನ್ನೇನು ಹೊಸ ಕಾಲ ಬಂತು ಅಂತಲೇ ಎಲ್ಲರೂ ಅಂದುಕೊಂಡರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಡುವುದರಲ್ಲಿ ಆಸ್ಕರ್ ಕೈ ಬಿಗಿ ಹಿಡಿಯಲಿಲ್ಲ. ಆದರೆ ಕೊಡುವ ಕೈ ತನ್ನದೇ ಆಗಿರಬೇಕಿತ್ತು. ನೀವೇನಂತೀರಿ?

ಮಂಡ್ಯದ್ಹುಡ್ಗ:
1799 ಅಂದ ತಕ್ಷಣ ನಮ್ಮ ತಲೆ ಶ್ರೀರಂಗಪಟ್ಟಣಕ್ಕೇ ಓಡುತ್ತದೆ ಸರ್. ಮೇ 4ಕ್ಕೆ ಟಿಪ್ಪು ಬಿದ್ದ, ಜೂನ್ 30ಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕ, ನಾಲ್ಕು ದಿನ ಬಿಟ್ಟು ಈ ಪಾಪು. ಗಾಡ್‌ಫಾದರ್ ಆಗ ಈಜಿಪ್ಟಿನಲ್ಲಿದ್ದ. ಆ ವರ್ಷದ ಜನವರಿಯಲ್ಲಿ ಟಿಪ್ಪುವಿಗೆ ಕೈರೋದಿಂದ ಕಾಗದ ಬರೆದವನೂ ಅವನೇ. ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು, ಅದು ಬೇರೆ ಕಥೆ. ಸುಮ್ನೆ ನೆನಪಾಯಿತು, ಮುಂದುವರಿಸಿ.

ಲಾಯರಮ್ಮ:
ಜೈಲಿನ ವಿಷಯಕ್ಕೆ ನಾನು ಬರುತ್ತೇನೆ. ಆಸ್ಕರ್ ಮಾಡಿದ್ದರಲ್ಲಿ ಅತಿ ಮುಖ್ಯವಾದದ್ದೂ ಅದೇ, ಅತಿ ತೊಡಕಿನದ್ದೂ ಅದೇ.

ಆಗಿನ ಸ್ವೀಡನ್ನಿನ ಸೆರೆಮನೆ ಅಂದರೆ ದೊಡ್ಡ ದೊಡ್ಡ ಕೋಣೆ. ಕೊಲೆಗಾರ, ಸಾಲ ತೀರಿಸದವನು, ಕೆಲಸವಿಲ್ಲದೆ ಅಲೆಯುತ್ತಿದ್ದವನು, ಎಲ್ಲರೂ ಒಟ್ಟಿಗೆ. ಒಳಗೆ ಹೋದ ಚಿಲ್ಲರೆ ಕಳ್ಳ ಹೊರಗೆ ಬರುವಾಗ ಪಳಗಿದ ಕಳ್ಳನಾಗಿರುತ್ತಿದ್ದ. ಶಿಕ್ಷೆ ಅಂದರೆ ಕಂಬಕ್ಕೆ ಕಟ್ಟಿ ಜನರೆದುರು ಬೆತ್ತದ ಏಟು, ಚರ್ಚಿನಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಗೆಯ ಅವಮಾನ, ಇಲ್ಲವಾದರೆ ತಲೆದಂಡ. ಇದು ಮನುಷ್ಯನನ್ನು ತಿದ್ದುವುದಿಲ್ಲ, ಕೆಡಿಸುತ್ತದೆ ಅಂತ ಮುಂದಿನ ದೊರೆಯೇ ಪುಸ್ತಕ ಬರೆದು ಹೇಳಿದ್ದು ಸಣ್ಣ ಮಾತಲ್ಲ. ಮರಣದಂಡನೆಯ ವಿರುದ್ಧವೂ ವಾದ ಮಾಡಿದ್ದಾನೆ.

ಹಾಗಾದರೆ ಬದಲಿಗೆ ಏನು? ಆಗ ಎಲ್ಲರೂ ನೋಡುತ್ತಿದ್ದದ್ದು ಎರಡು ಅಮೆರಿಕನ್ ಮಾದರಿಗಳನ್ನು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಜೈಲಿನಲ್ಲಿ ರಾತ್ರಿ ಒಬ್ಬೊಬ್ಬರೇ, ಹಗಲು ಎಲ್ಲರೂ ಸೇರಿ ಕೆಲಸ, ಆದರೆ ಒಂದು ಮಾತೂ ಆಡುವ ಹಾಗಿಲ್ಲ. ಫಿಲಡೆಲ್ಫಿಯಾದಲ್ಲಿ ಹಗಲೂ ರಾತ್ರಿಯೂ ಒಂಟಿ. ಊಟ, ಕೆಲಸ, ನಿದ್ದೆ ಎಲ್ಲ ಅದೇ ಕೋಣೆಯಲ್ಲಿ. ಹೊರಗೆ ಕರೆದುಕೊಂಡು ಹೋಗುವಾಗ ತಲೆಯ ಮೇಲೆ ಮುಸುಕು. ಆಸ್ಕರ್ ಫಿಲಡೆಲ್ಫಿಯಾ ಕಡೆಗೆ ವಾಲಿದ. ಒಬ್ಬನೇ ಕೂತರೆ ಮನುಷ್ಯ ಯೋಚಿಸುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ ಅನ್ನೋ ನಂಬಿಕೆ. 1840–41ರ ಸಂಸತ್ತು ಒಂಟಿ ಕೋಣೆಯ ಜೈಲುಗಳಿಗೆ ದುಡ್ಡು ಕೊಟ್ಟಿತು. ಅವನು ಪಟ್ಟಕ್ಕೆ ಬಂದ ಮೇಲೆ ಒಂದೊಂದಾಗಿ ಎದ್ದವು.

ನನ್ನ ತಕರಾರು ಇಲ್ಲಿದೆ. 1842ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಅದೇ ಫಿಲಡೆಲ್ಫಿಯಾ ಜೈಲು ನೋಡಿ ಬಂದು, ಇದು ಮೈಗೆ ಕೊಡುವ ಹಿಂಸೆಗಿಂತ ಕೆಟ್ಟದ್ದು ಅಂತ ಬರೆದ. ಅಂದರೆ ಆ ಕಾಲದಲ್ಲೇ ಎಚ್ಚರಿಕೆ ಇತ್ತು. ಏಟು ನಿಂತಿತು, ಅದರ ಜಾಗಕ್ಕೆ ಏಕಾಂತ ಬಂತು. ಕೈದಿಯನ್ನು ಕೇಳಿದ್ದರೆ ಯಾವುದು ಬೇಕು ಅನ್ನುತ್ತಿದ್ದನೋ!

ಗೋಥೆನ್‌ಬರ್ಗ್ ಕನ್ನಡಿಗ:
ಮೇಡಂ, ಆ ಕಾಲದ ಒಂದು ಜೈಲು ಈಗಲೂ ಹಾಗೇ ಇದೆ. ಸ್ಟಾಕ್‌ಹೋಮಿನ ಉತ್ತರಕ್ಕೆ ಯೆವ್ಲೆ ಅಂತ ಊರು. ಅಲ್ಲಿ 1847ರ ಒಂಟಿಕೋಣೆ ಜೈಲು ಈಗ ಸ್ವೀಡನ್ನಿನ ಸೆರೆಮನೆ ಮ್ಯೂಸಿಯಂ. ಅದರ ಪಕ್ಕದಲ್ಲೇ 1732ರ ಹಳೇ ಜೈಲೂ ಇದೆ. ಎರಡನ್ನೂ ಒಂದೇ ದಿನ ನೋಡಿದರೆ ಆಸ್ಕರ್‌ನ ವಾದ ಪುಸ್ತಕವಿಲ್ಲದೆ ಅರ್ಥವಾಗುತ್ತದೆ. ಹಳೆಯದರಲ್ಲಿ ಕತ್ತಲು, ಜನರನ್ನು ಗುಂಪಾಗಿ ಕೂಡಿಹಾಕುವ ಕೋಣೆ. ಹೊಸದರಲ್ಲಿ ಸಾಲು ಬಾಗಿಲು, ಎತ್ತರದಲ್ಲಿ ಸಣ್ಣ ಕಿಟಕಿ, ಎಲ್ಲ ನೀಟು. ನಾನು ಒಂದು ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡು ನಿಂತೆ. ಕಿಟಕಿ ಬೆಳಕಿಗೆ ಮಾತ್ರ, ಹೊರಗೆ ಏನೂ ಕಾಣುವುದಿಲ್ಲ. ಬೇಗ ಹೊರಗೆ ಬಂದೆ. ಲಾಯರಮ್ಮ ಹೇಳಿದ ತಕರಾರಿಗೆ ನನ್ನ ಓಟು.

ಎದುರುಮಾತು:
ನೀವೆಲ್ಲ ರಾಜನಿಗೆ ಜಾಸ್ತಿ ಕ್ರೆಡಿಟ್ ಕೊಡುತ್ತಿದ್ದೀರಿ. ಪತ್ರಿಕಾ ಸ್ವಾತಂತ್ರ್ಯಕ್ಕೆ ಗುದ್ದಾಡಿದ್ದು ಯಾರು? ಲಾರ್ಸ್ ಯೋಹಾನ್ ಹಿಯರ್ಟಾ. 1830ರಲ್ಲಿ 'ಆಫ್ಟನ್‌ಬ್ಲಾಡೆಟ್' ಪತ್ರಿಕೆ ಶುರು ಮಾಡಿದ. ಸರ್ಕಾರ ಪತ್ರಿಕೆಯ ಪರವಾನಗಿ ಕಿತ್ತುಕೊಂಡಾಗಲೆಲ್ಲ ಹೊಸ ಪರವಾನಗಿ ತೆಗೆದು 'ಎರಡನೇ ಆಫ್ಟನ್‌ಬ್ಲಾಡೆಟ್', 'ಮೂರನೇ ಆಫ್ಟನ್‌ಬ್ಲಾಡೆಟ್' ಅಂತ ತರುತ್ತಲೇ ಹೋದ. ಕೊನೆಗೆ ಸರ್ಕಾರವೇ ನಗೆಪಾಟಲಾಯಿತು. ಆಸ್ಕರ್ ಬರುವ ಹೊತ್ತಿಗೆ ಆ ಅಧಿಕಾರ ಸತ್ತೇ ಹೋಗಿತ್ತು, ಇವನ ಕಾಲದಲ್ಲಿ ಕಾಗದದ ಮೇಲೆ ಹೂತರು ಅಷ್ಟೆ.

ಇನ್ನು 1848. ಫ್ರಾನ್ಸಿನ ದಂಗೆಯ ಸುದ್ದಿ ಬಂತು. ಮಾರ್ಚ್ 18ರಿಂದ ಸ್ಟಾಕ್‌ಹೋಮಿನ ಬೀದಿಗೆ ಜನ ಇಳಿದರು, ಸಂಸತ್ತಿನ ಸುಧಾರಣೆ ಬೇಕು ಅಂದರು. ಸೈನ್ಯ ಗುಂಡು ಹಾರಿಸಿತು. ಸುಮಾರು 30 ಜನ ಸತ್ತರು. ಅಲ್ಲಿಗೆ ಉದಾರ ದೊರೆಯ ಕಥೆ ಮುಗಿಯಿತು. ಮುಂದಿನದೆಲ್ಲ ಹೆದರಿದ ಮನುಷ್ಯನ ರಾಜ್ಯಭಾರ.

ಹಳೇಪುಟ:
ಹಿಯರ್ಟಾ ವಿಷಯ ಒಪ್ಪಿದೆ. ಆದರೆ 1848ಕ್ಕೆ ಎಲ್ಲ ಮುಗಿಯಿತು ಅನ್ನುವುದಾದರೆ ವರ್ಷಗಳನ್ನು ಒಮ್ಮೆ ನೋಡಿ.

ದಂಗೆಗೆ ಮುಂಚೆ: ಐದು ವರ್ಷಕ್ಕೊಮ್ಮೆ ಸೇರಲೇಬೇಕಾಗಿದ್ದ ಸಂಸತ್ತು ಮೂರು ವರ್ಷಕ್ಕೊಮ್ಮೆ ಅಂತಾಯಿತು. 1845ರಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು. 1846ರ ಕೊನೆಗೆ ಕುಶಲಕರ್ಮಿಗಳ ಸಂಘಗಳ ಬಿಗಿಹಿಡಿತ ಹೋಯಿತು. ಅಲ್ಲಿಯವರೆಗೆ ಊರಿನಲ್ಲಿ ಚಪ್ಪಲಿ ಹೊಲಿಯಬೇಕಾದರೂ ಆ ಕಸುಬಿನ ಸಂಘ ಒಪ್ಪಬೇಕಿತ್ತು. 1847ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಬಾರ್ತಲೆಮಿ ದ್ವೀಪದಲ್ಲಿ ಗುಲಾಮಗಿರಿ ಕೊನೆಯಾಯಿತು. ಸ್ವೀಡನ್ನಿಗೆ ಗುಲಾಮರಿದ್ದ ವಸಾಹತು ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಬಿಡುಗಡೆಗೆ ಒಡೆಯರಿಗೆ ಪರಿಹಾರ ಕೊಟ್ಟರು. ಗುಲಾಮರಿಗೆ ಕೊಡಲಿಲ್ಲ ಅನ್ನೋದು ಬೇರೆ ಹೇಳಬೇಕಾಗಿಲ್ಲ.

ದಂಗೆಯ ನಂತರ: 1855ರಲ್ಲಿ ಬೆತ್ತದ ಏಟಿನ ಶಿಕ್ಷೆ, ಚರ್ಚಿನ ಅವಮಾನದ ಶಿಕ್ಷೆ ಎರಡೂ ರದ್ದು. ಅದೇ ವರ್ಷ ಮನೆಮನೆಯಲ್ಲಿ ಸಾರಾಯಿ ಬಟ್ಟಿ ಇಳಿಸುವುದಕ್ಕೆ ತಡೆ. ರೈಲು, ತಂತಿ ಟಪಾಲು, ದಶಮಾಂಶ ನಾಣ್ಯ ಎಲ್ಲ ಈ ಕಡೆಯ ವರ್ಷಗಳವು. ನಿಂತು ಹೋಗಿದ್ದು ಒಂದೇ, ಸಂಸತ್ತಿನ ಸುಧಾರಣೆ. ಶ್ರೀಮಂತರು, ಪಾದ್ರಿಗಳು, ಪಟ್ಟಣಿಗರು, ರೈತರು ಅಂತ ನಾಲ್ಕು ಸದನ. ಸಂವಿಧಾನ ತಿದ್ದಬೇಕಾದರೆ ನಾಲ್ಕೂ ಒಪ್ಪಬೇಕು. 1848ರಲ್ಲಿ ಸರ್ಕಾರವೇ ತಂದ ಪ್ರಸ್ತಾಪ 1850ರಲ್ಲಿ ಸೇರಿದ ಸಂಸತ್ತಿನಲ್ಲಿ ಬಿದ್ದಾಗ ಆಸ್ಕರ್ ಅದನ್ನು ಎತ್ತಿ ನಿಲ್ಲಿಸುವ ಗೋಜಿಗೆ ಹೋಗಲಿಲ್ಲ.

ಅದಕ್ಕೇ ನಾನು ಹೇಳಿದ್ದು. ಏಟು ತಪ್ಪಿಸಿದ, ಪಾಲು ಕೊಡಿಸಿದ, ರೈಲು ಹಾಕಿಸಿದ. ಆದರೆ ತೀರ್ಮಾನ ಮಾಡುವ ಜಾಗದಲ್ಲಿ ಇನ್ನೊಬ್ಬರಿಗೆ ಕುರ್ಚಿ ಹಾಕಲಿಲ್ಲ.

ಎದುರುಮಾತು:
ಅಂದರೆ ನಾನು ಹೇಳಿದ್ದನ್ನೇ ಉದ್ದವಾಗಿ ಹೇಳಿದಿರಿ.

ಹಳೇಪುಟ:
ಇಲ್ಲ ಗುರೂ. ನೀವು ಹೆದರಿದ ಅನ್ನುತ್ತಿದ್ದೀರಿ. ನಾನು ಅವನು ಮೊದಲಿನಿಂದಲೂ ಅಷ್ಟೇ ಇದ್ದ ಅನ್ನುತ್ತಿದ್ದೇನೆ. ಆ ಜೈಲಿನ ಪುಸ್ತಕದಲ್ಲೂ ತಿದ್ದುವವರು ಮೇಲಿನವರು, ತಿದ್ದಿಸಿಕೊಳ್ಳುವವರು ಕೆಳಗಿನವರು. 1848 ಅವನನ್ನು ಬದಲಾಯಿಸಲಿಲ್ಲ, ಬಯಲು ಮಾಡಿತು.

ಲಾಯರಮ್ಮ:
ಈ ಚರ್ಚೆಯಲ್ಲಿ ಯಾರೂ ರಾಣಿಯ ಹೆಸರೇ ಎತ್ತಿಲ್ಲ ನೋಡಿ! ಜೋಸೆಫಿನ್, ಲ್ಯೂಷ್ಟೆನ್‌ಬರ್ಗ್ ಮನೆತನದವಳು. 1823ರಲ್ಲಿ ಮದುವೆ. ಅವಳು ಯಾರ ಮೊಮ್ಮಗಳು ಗೊತ್ತೇ? ಡೆಸಿರೆಯನ್ನು ಬಿಟ್ಟು ನೆಪೋಲಿಯನ್ ಮದುವೆಯಾದನಲ್ಲ, ಆ ಜೋಸೆಫೀನಳ ಮೊಮ್ಮಗಳು. ಡೆಸಿರೆ ಕೊನೆಗೂ ಸ್ವೀಡನ್ನಿಗೆ ವಾಪಸ್ ಬಂದಿದ್ದು ಈ ಸೊಸೆಯ ಜೊತೆಗೇ.

ಸೊಸೆ ಕ್ಯಾಥೊಲಿಕ್. ಲೂಥರನ್, ಅಂದರೆ ಪ್ರೊಟೆಸ್ಟಂಟ್ ದೇಶದ ರಾಣಿಯಾದರೂ ಧರ್ಮ ಬಿಡಲಿಲ್ಲ. ಈಗ ಕಾನೂನು ನೋಡಿ. ಸ್ವೀಡನ್ನಿನ ಪ್ರಜೆ ಲೂಥರನ್ ಚರ್ಚು ಬಿಟ್ಟರೆ ಗಡೀಪಾರು. 1726ರ ಇನ್ನೊಂದು ಕಾನೂನಿನ ಪ್ರಕಾರ ಪಾದ್ರಿ ಇಲ್ಲದೆ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡುವುದೂ ಅಪರಾಧ. ಆಸ್ಕರ್ 1856ರ ಸಂಸತ್ತಿನ ಮುಂದೆ ಧಾರ್ಮಿಕ ಸ್ವಾತಂತ್ರ್ಯದ ಮಾತೆತ್ತಿದ. ಪೂರ್ತಿ ಸುಧಾರಣೆ ಗೆಲ್ಲಲಿಲ್ಲ. ಮನೆಪ್ರಾರ್ಥನೆಯ ಕಾನೂನು ಮಾತ್ರ 1858ರಲ್ಲಿ ಹೋಯಿತು. ಅದೇ 1858ರಲ್ಲಿ ಕ್ಯಾಥೊಲಿಕ್ ಆದ ಆರು ಹೆಂಗಸರನ್ನು ದೇಶದಿಂದ ಹೊರಗೆ ಹಾಕಿದರು. ಅರಮನೆಯಲ್ಲಿ ಕ್ಯಾಥೊಲಿಕ್ ರಾಣಿ, ಬಂದರಿನಲ್ಲಿ ಕ್ಯಾಥೊಲಿಕ್ ಆದದ್ದಕ್ಕೆ ಗಂಟುಮೂಟೆ ಕಟ್ಟುತ್ತಿರುವ ಹೆಂಗಸರು. ಯುರೋಪೆಲ್ಲ ಛೀಮಾರಿ ಹಾಕಿತು. 1860ರಲ್ಲಿ ಕಾನೂನು ಸಡಿಲವಾಯಿತು, ಅಷ್ಟರಲ್ಲಿ ಆಸ್ಕರ್ ಇರಲಿಲ್ಲ.

ಹೆಂಗಸರ ವಿಷಯದಲ್ಲಿ 1845ರ ಸಮಪಾಲು ದೊಡ್ಡ ಹೆಜ್ಜೆ. ಅದಕ್ಕೆ ಮುಂಚೆ ಹಳ್ಳಿಯಲ್ಲಿ ಅಣ್ಣನಿಗೆ ಎರಡು ಪಾಲು, ತಂಗಿಗೆ ಒಂದು. ಆದರೆ ಪಾಲು ಬಂದರೂ ಮದುವೆಯಾಗದ ಹೆಣ್ಣು ಕಾನೂನಿನ ಕಣ್ಣಲ್ಲಿ ಸಾಯುವವರೆಗೂ ಅಪ್ರಾಪ್ತಳೇ. ತನ್ನ ದುಡ್ಡು ಖರ್ಚು ಮಾಡಲೂ ಅಣ್ಣನೋ ಚಿಕ್ಕಪ್ಪನೋ ಸಹಿ ಹಾಕಬೇಕು. ಲೇಖಕಿ ಫ್ರೆಡ್ರಿಕಾ ಬ್ರೆಮರ್ 1856ರಲ್ಲಿ ಈ ವಿಷಯ ಇಟ್ಟುಕೊಂಡೇ ಒಂದು ಕಾದಂಬರಿ ಬರೆದು ಗಲಾಟೆ ಎಬ್ಬಿಸಿದಳು. 1858ರಲ್ಲಿ, 25 ತುಂಬಿದ ಹೆಣ್ಣು ಕೋರ್ಟಿಗೆ ಅರ್ಜಿ ಹಾಕಿ ಪ್ರಾಪ್ತಳಾಗಬಹುದು ಅಂತ ಕಾನೂನು ಬಂತು. ಅರ್ಜಿ ಹಾಕಬೇಕು! ಅರ್ಜಿಯ ರಗಳೆ ಹೋಗಿದ್ದು 1863ಕ್ಕೆ.

ಬೆಣ್ಣೆದೋಸೆ:
ಆ ರಾಣಿ ತಂದ ಒಡವೆ ಇವತ್ತಿಗೂ ಸ್ವೀಡನ್ ರಾಜಮನೆತನದಲ್ಲಿದೆ ಅಲ್ವಾ ಅಕ್ಕಾ? ಮುತ್ತು ಕೂರಿಸಿದ ಆ ಕೆತ್ತನೆ ಕಿರೀಟ. 1976ರಲ್ಲಿ ರಾಣಿ ಸಿಲ್ವಿಯಾ, 2010ರಲ್ಲಿ ಅವಳ ಮಗಳು ವಿಕ್ಟೋರಿಯಾ ಮದುವೆಗೆ ತೊಟ್ಟಿದ್ದು ಅದೇ.

ಲಾಯರಮ್ಮ:
ಅದೇ. ಹೆಂಡತಿಯ ಪಾಲಿಗೆ ಒಡವೆ ಬಿಟ್ಟರೆ ಸುಖ ಅಷ್ಟಕ್ಕಷ್ಟೆ. ನಟಿ ಎಮಿಲಿ ಹೆಗ್‌ಕ್ವಿಸ್ಟ್ ಜೊತೆ ಆಸ್ಕರ್‌ಗೆ ಇಬ್ಬರು ಗಂಡುಮಕ್ಕಳಿದ್ದರು, ಇದು ಗುಟ್ಟೇನಲ್ಲ. ಇತ್ತ ರಾಣಿಗೆ ಐವರು ಮಕ್ಕಳು. ಅವರಲ್ಲಿ ಗುಸ್ತಾವ್ ಒಳ್ಳೆ ಸಂಗೀತಗಾರ, 25ಕ್ಕೇ ತೀರಿಕೊಂಡ. ಸಂಗೀತ ಅಪ್ಪನಿಂದ ಬಂದಿದ್ದು. ಎಡ್ವರ್ಡ್ ಬ್ರೆಂಡ್ಲರ್ ಎಂಬ ಸಂಗೀತಗಾರ ಒಂದು ಆಪೆರಾ ಅರ್ಧಕ್ಕೆ ಬಿಟ್ಟು ಸತ್ತಾಗ ಅದನ್ನು ಪೂರ್ತಿ ಮಾಡಿದ್ದು ಯುವರಾಜ ಆಸ್ಕರ್.

ಸ್ಟಾಂಪುಶೆಟ್ರು:
ನನ್ನ ವಿಷಯ ಯಾರಾದರೂ ಎತ್ತುತ್ತಾರೆ ಅಂತ ಕಾದೆ, ಎತ್ತಲಿಲ್ಲ. ಸ್ವೀಡನ್ನಿನ ಮೊದಲ ಅಂಚೆಚೀಟಿ 1855ರ ಜುಲೈ 1ರದ್ದು, ಆಸ್ಕರ್ ಕಾಲದ್ದೇ. ಆ ಕಂತಿನಲ್ಲಿ 3 ಸ್ಕಿಲ್ಲಿಂಗ್ (ಆಗಿನ ನಾಣ್ಯ) ಚೀಟಿ ಹಸಿರು ಬಣ್ಣದ್ದು. ಒಂದು ಮಾತ್ರ ತಪ್ಪಿ 8 ಸ್ಕಿಲ್ಲಿಂಗಿನ ಹಳದಿ ಬಣ್ಣದಲ್ಲಿ ಅಚ್ಚಾಗಿ ಉಳಿದಿದೆ. 1885ರಲ್ಲಿ ಒಬ್ಬ ಶಾಲಾಹುಡುಗನಿಗೆ ಅಜ್ಜಿಯ ಮನೆಯ ಹಳೇ ಕಾಗದಗಳಲ್ಲಿ ಸಿಕ್ಕಿತು. ಅಂಥದ್ದು ಇನ್ನೊಂದು ಈವರೆಗೆ ಎಲ್ಲೂ ಸಿಕ್ಕಿಲ್ಲ. 1996ರ ಹರಾಜಿನಲ್ಲಿ 28 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮೇಲೆ ಹೋಯಿತು.

ಇನ್ನೊಂದು ತಮಾಷೆ. ಆ ಸ್ವೀಡಿಷ್ ಚೀಟಿಗಳಲ್ಲಿ ರಾಜನ ಮುಖ ಇಲ್ಲ, ರಾಜಲಾಂಛನ ಇದೆ. ಆಸ್ಕರ್ ಮುಖ ಬೇಕಾದರೆ ನಾರ್ವೆಯ ಚೀಟಿ ಹುಡುಕಬೇಕು. 1856ರಿಂದ ಬಂದ ಕಂತಿನಲ್ಲಿ ಇದ್ದಾನೆ.

ಗೋಥೆನ್‌ಬರ್ಗ್ ಕನ್ನಡಿಗ:
ರೈಲಿನ ಬಗ್ಗೆ ನಾನು ಹೇಳಲೇಬೇಕು ಶೆಟ್ರೇ. ಮುಖ್ಯ ದಾರಿಗಳನ್ನು ಸರ್ಕಾರವೇ ಕಟ್ಟಬೇಕು ಅಂತ 1854ರ ಹೊತ್ತಿಗೆ ಸಂಸತ್ತು ತೀರ್ಮಾನ ಮಾಡಿತು. ಕೆಲಸ ವಹಿಸಿದ್ದು ನಿಲ್ಸ್ ಎರಿಕ್‌ಸನ್‌ಗೆ. ಅಮೆರಿಕದ ಯುದ್ಧನೌಕೆ 'ಮಾನಿಟರ್' ಕಟ್ಟಿದ ಜಾನ್ ಎರಿಕ್‌ಸನ್ ಇವನ ತಮ್ಮ. 1856ರ ಡಿಸೆಂಬರ್ 1ರಂದು ಮೊದಲ ಎರಡು ಸರ್ಕಾರಿ ದಾರಿಗಳು ತೆರೆದವು. ಒಂದು ಮಾಲ್ಮೋದಿಂದ ಲುಂಡ್‌ಗೆ, ಇನ್ನೊಂದು ನಮ್ಮ ಗೋಥೆನ್‌ಬರ್ಗಿನಿಂದ ಯೂನ್ಸೆರೆಡ್‌ಗೆ. ನಾವು ಇಲ್ಲಿ ದಿನಾ ಬಸ್ ಹತ್ತುವ ಟರ್ಮಿನಲ್ಲಿಗೆ ನಿಲ್ಸ್ ಎರಿಕ್‌ಸನ್ ಹೆಸರೇ ಇಟ್ಟಿದ್ದಾರೆ. ಆಸ್ಕರ್ ಹೆಸರು ಇರುವುದು ಪೂರ್ವ ಕರಾವಳಿಯ ಆಸ್ಕರ್ಸ್‌ಹಾಮ್ನ್ ಊರಿಗೆ. ಅದಕ್ಕೆ ಪಟ್ಟಣದ ಸ್ಥಾನ, ಹೆಸರು ಎರಡೂ ಬಂದಿದ್ದು 1856ರಲ್ಲಿ.

ಕರಾವಳಿ ಕಾಗೆ:
ನಾರ್ವೆಯವರು ಇವನನ್ನು ಹೇಗೆ ನೋಡುತ್ತಿದ್ದರು? ಅಪ್ಪನ ಜೊತೆ ಅವರಿಗೆ ಜಗಳವೇ ಇತ್ತಲ್ಲ.

ಹಳೇಪುಟ:
ಮಗನ ಮೇಲೆ ಪ್ರೀತಿ ಇತ್ತು. ಬಂದ ವರ್ಷವೇ, 1844ರಲ್ಲಿ, ಎರಡೂ ದೇಶಕ್ಕೆ ಸಮಾನ ಮರ್ಯಾದೆ ಕೊಟ್ಟ. ಬಾವುಟದ ಮೂಲೆಯಲ್ಲಿ ಎರಡೂ ದೇಶದ ಬಣ್ಣ ಸೇರಿಸಿದ ಗುರುತು ಬಂತು. ನೋಡಿದವರು ಹೆರಿಂಗ್ ಮೀನಿನ ಸಲಾಡು ಅಂತ ಗೇಲಿ ಮಾಡಿದರು, ಅಷ್ಟು ಬಣ್ಣ. ನಾರ್ವೆಯ ಕಾಗದಪತ್ರಗಳಲ್ಲಿ ಇನ್ನು ಮೇಲೆ 'ನಾರ್ವೆ ಮತ್ತು ಸ್ವೀಡನ್ನಿನ ರಾಜ', ನಾರ್ವೆಯ ಹೆಸರು ಮೊದಲು. 1847ರಲ್ಲಿ ನಾರ್ವೆಗೇ ಅಂತ ಸೇಂಟ್ ಉಲಾವ್ ಎಂಬ ರಾಜಗೌರವ ಶುರು ಮಾಡಿದ. ಈಗಿನ ಆಸ್ಲೋದಲ್ಲಿ ಆಸ್ಕರ್ಸ್‌ಹಾಲ್ ಎಂಬ ಪುಟ್ಟ ಅರಮನೆ ಕಟ್ಟಿಸಿ, ಟಿಡೆಮಾಂಡ್, ಗೂಡೆ ಥರದ ನಾರ್ವೆಯ ಕಲಾವಿದರ ಚಿತ್ರಗಳಿಂದ ತುಂಬಿಸಿದ. 1851ರಲ್ಲಿ ಯಹೂದಿಗಳು ದೇಶದೊಳಗೆ ಬರಬಾರದು ಎಂಬ ಸಂವಿಧಾನದ ಮಾತು ಹೋಯಿತು, ಆದರೆ ಅದು ನಾರ್ವೆಯ ಸಂಸತ್ತಿನ ಮತ್ತು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಕವಿ ವೆರ್ಗೆಲಾಂಡ್‌ನ ಗೆಲುವು.

ಎದುರುಮಾತು:
ವಿದೇಶ ನೀತಿ ಬಿಟ್ಟೇಬಿಟ್ಟಿರಿ. ಅಪ್ಪ 1812ರಿಂದ ರಷ್ಯಾದ ಜೊತೆ ಸ್ನೇಹ ಕಾಪಾಡಿಕೊಂಡು ಬಂದಿದ್ದ. ಮಗ 1848ರಲ್ಲಿ ಪ್ರಷ್ಯಾ ಡೆನ್ಮಾರ್ಕಿನ ಮೇಲೆ ಬಂದಾಗ ಫ್ಯೂನ್ ದ್ವೀಪಕ್ಕೆ ಸೈನ್ಯ ಕಳಿಸಿದ, ಮಾಲ್ಮೋದಲ್ಲಿ ಕದನವಿರಾಮಕ್ಕೆ ಮಧ್ಯಸ್ಥಿಕೆ ಮಾಡಿದ. ಅದು ಚೆನ್ನಾಗಿ ನಡೆಯಿತು. ಆಮೇಲೆ ಆಸೆ ಜಾಸ್ತಿಯಾಯಿತು. ಇಂಗ್ಲೆಂಡ್, ಫ್ರಾನ್ಸ್ ಸೇರಿ ರಷ್ಯಾದ ಮೇಲೆ ಮಾಡಿದ ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ, 1855ರ ನವೆಂಬರ್ 21ರಂದು, ಆ ಎರಡು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡ. ಮನಸ್ಸಿನಲ್ಲಿದ್ದದ್ದು ಸ್ವೀಡನ್ 1809ರಲ್ಲಿ ರಷ್ಯಾಕ್ಕೆ ಕಳೆದುಕೊಂಡ ಫಿನ್‌ಲ್ಯಾಂಡ್. ಇವನು ಕಚ್ಚೆ ಕಟ್ಟುವ ಹೊತ್ತಿಗೆ 1856ರ ಮಾರ್ಚಿನಲ್ಲಿ ಪ್ಯಾರಿಸ್ ಒಪ್ಪಂದವಾಗಿ ಯುದ್ಧವೇ ಮುಗಿಯಿತು. ಸ್ವೀಡನ್ನಿಗೆ ದಕ್ಕಿದ್ದು ಸ್ವೀಡನ್-ಫಿನ್‌ಲ್ಯಾಂಡ್ ನಡುವಿನ ಆಲಾಂಡ್ ದ್ವೀಪಗಳಲ್ಲಿ ರಷ್ಯಾ ಕೋಟೆ ಕಟ್ಟಬಾರದು ಎಂಬ ಷರತ್ತು ಮಾತ್ರ. ಇದನ್ನೂ ಒಳಗೆ ಇಟ್ಟುಕೊಂಡೇ ನಡೆಸಿದ, ಸಂಸತ್ತನ್ನು ಕೇಳಲಿಲ್ಲ. ಹಳೇಪುಟ ಹೇಳುವ 'ಕೊಡುವ ಕೈ' ಮಾತಿಗೆ ಇದು ಜಾಸ್ತಿ ಹೊಂದುತ್ತದೆ ನೋಡಿ.

ಬೆಣ್ಣೆದೋಸೆ:
ಕೊನೆ ಹೇಗಾಯಿತು?

ಹಳೇಪುಟ:
ಆರೋಗ್ಯ 1852ರಿಂದಲೇ ಕೆಟ್ಟಿತ್ತು. ಗುಸ್ತಾವ್ ತೀರಿಕೊಂಡಿದ್ದೂ ಅದೇ ವರ್ಷ. ಆಮೇಲೆ ಮೆದುಳಿನಲ್ಲಿ ಗೆಡ್ಡೆ, ನಡೆಯಲೂ ಆಗದ ಸ್ಥಿತಿ. 1857ರ ಸೆಪ್ಟೆಂಬರಿನಲ್ಲಿ ದೊಡ್ಡ ಮಗ ಕಾರ್ಲ್ ಆಡಳಿತ ವಹಿಸಿಕೊಂಡ. ಹಾಗಾಗಿ ಲಾಯರಮ್ಮ ಹೇಳಿದ 1858ರ ಕಾನೂನುಗಳಿಗೆ ಸಹಿ ಬಿದ್ದಿದ್ದು ಮಗನ ಕೈಯಿಂದ. 1859ರ ಜುಲೈ 8ರಂದು ಸ್ಟಾಕ್‌ಹೋಮ್ ಅರಮನೆಯಲ್ಲಿ ಆಸ್ಕರ್ ಹೋದ. ಮಣ್ಣು ಮಾಡಿದ್ದು ರಿಡ್ಡರ್‌ಹೋಲ್ಮ್ ಚರ್ಚಿನಲ್ಲಿ. ಚಳಿ ತಡೆಯದೆ ಓಡಿಹೋಗಿದ್ದ ಅಮ್ಮ ಡೆಸಿರೆ ಆಗಲೂ ಸ್ಟಾಕ್‌ಹೋಮಿನಲ್ಲಿದ್ದಳು, 1860ರ ಡಿಸೆಂಬರಿನವರೆಗೆ ಬದುಕಿದಳು.

ಎದುರುಮಾತು:
ನಾಲ್ಕು ಸದನದ ಸಂಸತ್ತು ಕೊನೆಗೂ ಹೋಗಿದ್ದು 1866ರಲ್ಲಿ, ಈ ಕಾರ್ಲ್ ಕಾಲದಲ್ಲಿ. ಅವನಿಗೂ ಅಂಥ ಉತ್ಸಾಹ ಇರಲಿಲ್ಲ. ಮಂತ್ರಿ ಲೂಯಿ ಡಿ ಗೇರ್ ಬೆನ್ನು ಬಿಡದೆ ಮಾಡಿಸಿದ. ಆ ಮನುಷ್ಯನ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ಹಳೇಪುಟ, ಅಲ್ಲಿ ಜಗಳ ಮುಂದುವರಿಸೋಣ.